ಇಲಾಖೆಯ ಹೊಟ್ಟೆ

ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಇಟ್ಟಿಗೆ ದಪ್ಪದ ಗೋಡೆ. ಈಚೆ ಬಾಟ್ಲಿರಾಯನ ಕಕ್ಕಸು, ಆಚೆ ನಿವೃತ್ತ ಪೋಸ್ಟ್‌ಮಾಸ್ಟರರು ಕೂತು ಪೇಪರ್ ಓದುವ ಕೋಣೆ. ಕಟ್ಟಿಸಿದ ಪುಣ್ಯಾತ್ಮ ನಾಲ್ಕು ಇಟ್ಟಿಗೆ ಉಳಿಸಲು ಹೋಗಿ ಒಬ್ಬ ಮನುಷ್ಯನ ಮಾನ ಕಳೆದಿದ್ದ. ಫ್ಲಶ್ ಎಳೆದರೆ ಆ ಹಳೇ ತೊಟ್ಟಿ ಆನೆಯಂತೆ ಘೀಳಿಟ್ಟು, ಆಮೇಲೆ ಐದು ನಿಮಿಷ ಗೊರಗೊರ ಎನ್ನುತ್ತಿತ್ತು.

ಅವತ್ತು ಬೆಳಗ್ಗೆ ಏಳೂವರೆಯೊಳಗೆ ಅದು ಐದು ಸಲ ಘೀಳಿಟ್ಟಾಗಿತ್ತು. ಆರನೆಯದಕ್ಕೆ ಗೋಡೆಯ ಮೇಲೆ ಟಕಟಕ ಸದ್ದಾಯಿತು.

"ರಾಯರೇ, ಎಲ್ಲ ಕ್ಷೇಮ ತಾನೆ?"

ಅಂಥ ಜಾಗದಲ್ಲಿ ಕೂತು ಕ್ಷೇಮಸಮಾಚಾರ ಹೇಳುವುದು ಯಾರಿಗಾದರೂ ಕಷ್ಟವೇ. ಬಾಟ್ಲಿರಾಯ ಗಂಟಲು ಸರಿಮಾಡಿಕೊಂಡ. "ಕ್ಷೇಮ ಸಾರ್. ತೊಟ್ಟಿ ಸೋರ್ತಿತ್ತು. ರಿಪೇರಿ ಮಾಡ್ತಿದ್ದೆ."

"ಮೂರು ವಾರದಿಂದ ರಿಪೇರಿ ಮಾಡ್ತಾನೇ ಇದೀರಲ್ಲ," ಎಂದಿತು ಗೋಡೆ. "ಅದೂ ದಿನಕ್ಕೆ ಹತ್ತು ಹನ್ನೆರಡು ಸಲ. ನಿಮಗ್ಯಾಕೆ ತೊಂದರೆ, ನಾನೇ ನಲ್ಲಿ ರಿಪೇರಿಯವನನ್ನ ಕಳಿಸ್ತೀನಿ ಇರಿ."

ಬೇಡ ಎನ್ನುವಷ್ಟರಲ್ಲಿ ಆಚೆ ಚಪ್ಪಲಿ ಸದ್ದು ಬೀದಿಗಿಳಿದಿತ್ತು.

ಬಾಟ್ಲಿರಾಯ ಎಂದರೆ ಕುಡುಕನಲ್ಲ. ನೀರು ಸರಬರಾಜು ಕಚೇರಿಯಲ್ಲಿ ನೀರು ಪರೀಕ್ಷೆ ಮಾಡುವುದು ಅವನ ಕೆಲಸ. ಹೆಗಲಿನ ಚೀಲದಲ್ಲಿ ಸದಾ ಹತ್ತು ಗಾಜಿನ ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದುದರಿಂದ ಆ ಹೆಸರು ಬಂತು. ದಿನಾ ಬೆಳಗ್ಗೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ, ಬಾಟಲಿಗೆ ನೀರು ತುಂಬಿ, ಮದ್ದಿನ ನಾಲ್ಕು ಹನಿ ಬಿಟ್ಟು, ನೀರು ತೆಳು ಹಳದಿಗೆ ತಿರುಗಿದರೆ ಕ್ಲೋರಿನ್ ಸರಿಯಾಗಿದೆ ಎಂದು ತಿಳಿದು, "ನೀರು ಶುದ್ಧವಾಗಿದೆ, ಕುಡಿಯಲು ಯೋಗ್ಯ" ಎಂಬ ಚೀಟಿಗೆ ಸಹಿ ಹಾಕುವುದು. ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿದವನಲ್ಲ. ಅಂಥವನ ಹೊಟ್ಟೆಯೊಳಗಿನ ನಲ್ಲಿಯೇ ಇಪ್ಪತ್ಮೂರು ದಿನದಿಂದ ಕೈಗೆ ಸಿಕ್ಕದೆ ಹರಿಯುತ್ತಿತ್ತು.

ಭೇದಿ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬೇರೆಯವರಿಗೆ ಭೇದಿಯಾದರೆ ಅದು ಕಾಯಿಲೆ, ಅವನಿಗಾದರೆ ಸುದ್ದಿ. ಅದರಲ್ಲೂ ಒಂದು ತಿಂಗಳಿಂದ ಬೀದಿಯ ಜನ ನೀರು ಒಂಥರಾ ವಾಸನೆ ಎಂದು ಗೊಣಗಲು ಶುರುಮಾಡಿದ್ದರು. ಬೀದಿಯ ನಿವಾಸಿಗಳ ಸಂಘಕ್ಕೆ ಪೋಸ್ಟ್‌ಮಾಸ್ಟರರೇ ಕಾರ್ಯದರ್ಶಿ. ಅವತ್ತು ಸಂಜೆ ನಾಲ್ಕಕ್ಕೆ ಪಂಪ್‌ಹೌಸಿನ ಮುಂದೆ ಸಂಘದವರ ಸಭೆ, ಇಂಜಿನಿಯರ್ ಸಾಹೇಬರೇ ಖುದ್ದು ಬಂದು ಉತ್ತರ ಕೊಡುವುದು ಎಂದು ನಿಗದಿಯಾಗಿತ್ತು.

ಬಾಯಿಬಿಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅವನ ಅಪ್ಪನಿಗೂ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಹೀಗೇ ಶುರುವಾಗಿತ್ತು. ಮೊದಲು ಹೊಟ್ಟೆ ಹೋಯಿತು, ಆಮೇಲೆ ತೂಕ ಹೋಯಿತು, ಆಮೇಲೆ ಅಪ್ಪನೇ ಹೋದ. ಬಾಟ್ಲಿರಾಯನಿಗೆ ಈಗ ನಲವತ್ತೊಂಬತ್ತು. ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ಮೂರು ತೂತು ಹೊಡೆದುಕೊಂಡಿದ್ದ. ಪ್ರತಿ ತೂತು ಹೊಡೆಯುವಾಗಲೂ ತನ್ನ ಶವಪೆಟ್ಟಿಗೆಗೇ ಮೊಳೆ ಹೊಡೆದಂತೆ ಅನಿಸುತ್ತಿತ್ತು.

ಎಂಟು ಗಂಟೆಗೆ ನಲ್ಲಿ ರಿಪೇರಿಯವನು ಬಂದೇ ಬಿಟ್ಟ. ಹಿಂದೆಯೇ ಪೋಸ್ಟ್‌ಮಾಸ್ಟರರು. ಅವನು ತೊಟ್ಟಿಯ ಮುಚ್ಚಳ ತೆಗೆದು, ಕೈಯಿಳಿಬಿಟ್ಟು ತಡಕಿ, ಎರಡು ಸಲ ಎಳೆದು ನೋಡಿದ.

"ತೊಟ್ಟಿ ಗಟ್ಟಿಮುಟ್ಟಾಗಿದೆ ಸ್ವಾಮಿ," ಎಂದ ಕೈ ಒರೆಸಿಕೊಳ್ಳುತ್ತಾ. "ಸೋರ್ತಿರೋದು ಬೇರೆ ಕಡೆ ಇರ್ಬೇಕು."

ಪೋಸ್ಟ್‌ಮಾಸ್ಟರರು ಬಾಟ್ಲಿರಾಯನನ್ನು ಮೇಲಿಂದ ಕೆಳಗೆ ನೋಡಿದರು. ಮೂವತ್ತು ವರ್ಷ ಮುಚ್ಚಿದ ಲಕೋಟೆಗಳನ್ನು ಕೈಯಲ್ಲಿ ತೂಗಿ ಒಳಗೇನಿದೆ ಎಂದು ಅಂದಾಜು ಮಾಡಿದ ಕಣ್ಣು ಅದು. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ರೀ, ಇವತ್ತೂ ಬರೀ ಬಾಳೆಹಣ್ಣೇನಾ, ಅಥವಾ ಒಂದು ಹಿಡಿ ಅನ್ನ ತಿಂತೀರಾ? ಹೊಟ್ಟೆ ಹೇಗಿದೆ ಈಗ?"

ಪೋಸ್ಟ್‌ಮಾಸ್ಟರರು ಮೆಲ್ಲಗೆ ಹೊರಟುಹೋದರು. ಲಕೋಟೆ ಒಡೆದಾಗಿತ್ತು.

ಬಾಟ್ಲಿರಾಯ ಕಚೇರಿ ಮುಟ್ಟುವುದರೊಳಗೆ ಸುದ್ದಿ ಫೋನಿನಲ್ಲಿ ಅವನಿಗಿಂತ ಮುಂಚೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿತ್ತು. ಬಾಗಿಲಲ್ಲೇ ಟೈಪಿಸ್ಟ್ ಅಕ್ಕ ಎದುರಾದಳು.

"ಏನಣ್ಣಾ, ಇಪ್ಪತ್ಮೂರು ದಿನದಿಂದಂತೆ. ಒಂದು ಮಾತು ನನಗೆ ಹೇಳ್ಬಾರ್ದಿತ್ತಾ? ದಾಳಿಂಬೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಕೊಡ್ತಿದ್ದೆ. ಇದು ಉಷ್ಣ ಅಣ್ಣಾ, ಬರೀ ಉಷ್ಣ."

"ಉಷ್ಣ ಅಲ್ಲ," ಎಂದರು ಕಡತದಿಂದ ತಲೆಯೆತ್ತದೆ ಹೆಡ್ ಗುಮಾಸ್ತರು. "ಹಾಲು. ನಮ್ಮ ಭಾವನಿಗೆ ಆಗಿತ್ತು. ಹಾಲು ಬಿಟ್ಟ, ನಿಂತ್ಹೋಯ್ತು."

"ಎಷ್ಟು ದಿನಕ್ಕೆ ನಿಂತಿತು?" ಎಂದು ಬಾಟ್ಲಿರಾಯ ಆಸೆಯಿಂದ ಕೇಳಿದ.

"ಭೇದಿಯಲ್ಲ, ಸಂಬಂಧ. ಅವನು ಹಾಲು ಮಾರೋ ನಮ್ಮಣ್ಣನ ಹತ್ರ ಹಾಲು ತಗೊಳ್ಳೋದು ಬಿಟ್ಟ, ಅಲ್ಲಿಗೆ ಮನೆಗೆ ಬರೋದೂ ನಿಂತ್ಹೋಯ್ತು. ಭೇದಿ ಇನ್ನೂ ಇದೆ."

ಒಳಗಿಂದ ಗಂಟೆ ಕೇಳಿಸಿತು. ಸಾಹೇಬರು ಕರೆಯುತ್ತಿದ್ದರು.

ಇಂಜಿನಿಯರ್ ಸಾಹೇಬರು ಕೂಗಾಡುವ ಜಾತಿಯವರಲ್ಲ. ಮೆತ್ತಗೆ ಮಾತಾಡುತ್ತಾರೆ, ಅದೇ ಹೆದರಿಕೆ. ಅವನನ್ನು ಕೂರಿಸಿ, ಮೇಜಿನ ಮೇಲಿನ ಪೇಪರ್‌ವೈಟನ್ನು ಎರಡು ಸುತ್ತು ತಿರುಗಿಸಿದರು.

"ಏನ್ರೀ ಇದು?"

"ಸ್ವಲ್ಪ ಹೊಟ್ಟೆ ಸರಿಯಿಲ್ಲ ಸಾರ್."

"ಸ್ವಲ್ಪನಾ? ಪೋಸ್ಟ್‌ಮಾಸ್ಟರ್ ಹತ್ರ ಲೆಕ್ಕ ಇದೆ. ನಿನ್ನೆ ಹದಿಮೂರು." ಸಾಹೇಬರು ನಿಟ್ಟುಸಿರು ಬಿಟ್ಟರು. "ನೋಡ್ರೀ, ನನ್ನ ಹೊಟ್ಟೆ ಕೆಟ್ಟರೆ ಅದು ನನ್ನ ಹೊಟ್ಟೆ. ಈ ಗುಮಾಸ್ತರದು ಕೆಟ್ಟರೆ ಅದು ಅವರ ಹೊಟ್ಟೆ. ಆದ್ರೆ ನಿಮ್ಮದು ಹಾಗಲ್ಲ. ನಿಮ್ಮದು ಇಲಾಖೆಯ ಹೊಟ್ಟೆ. ಅದು ಕೆಡೋ ಹಾಗಿಲ್ಲ."

"ನಾನು ಬೇಕು ಅಂತ ಮಾಡ್ತಿಲ್ಲ ಸಾರ್."

"ಬೇಕು ಅಂತ ಮಾಡಿದ್ರೆ ಕ್ಷಮಿಸಬಹುದಿತ್ತು. ನಾಲ್ಕು ಗಂಟೆಗೆ ಸಭೆ. ಅಷ್ಟರೊಳಗೆ ಡಾಕ್ಟರ ಹತ್ರ ಹೋಗಿ ಒಂದು ಕಾಗದ ತನ್ನಿ. ಇದಕ್ಕೆ ನೀರು ಕಾರಣ ಅಲ್ಲ ಅಂತ ಬರೆದಿರ್ಬೇಕು. ಬೇರೆ ಏನಾದ್ರೂ ಕಾರಣ ಇರಲಿ, ನನಗೆ ಅಭ್ಯಂತರ ಇಲ್ಲ. ನೀರು ಅಂತ ಮಾತ್ರ ಇದ್ದರೆ ಆ ಕಾಗದದ ಜೊತೆಗೆ ನಿಮ್ಮ ಸಸ್ಪೆಂಡ್ ಆರ್ಡರೂ ಟೈಪ್ ಆಗುತ್ತೆ."

ಹೀಗೆ ಇಪ್ಪತ್ಮೂರು ದಿನ ಡಾಕ್ಟರಿಗೆ ಹೆದರಿ ಮುಖ ಮರೆಸಿಕೊಂಡಿದ್ದವನು, ಇಲಾಖೆಗೆ ಹೆದರಿ ಡಾಕ್ಟರ ಮುಂದೆ ಹೋಗಿ ಕೂತ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಚುರುಕು. ಅವನು ಪೀಠಿಕೆ ಹಾಕಲು ಹೊರಟರೆ ಕೈಯೆತ್ತಿ ತಡೆದು ತಾನೇ ಕೇಳುತ್ತಾ ಹೋದಳು, ಕೇಳುತ್ತಲೇ ಬರೆದುಕೊಂಡಳು. ರಕ್ತ ಬೀಳುತ್ತಾ? ಇಲ್ಲ. ಜ್ವರ? ಇಲ್ಲ. ನಿದ್ದೆಯಿಂದ ಎಬ್ಬಿಸುತ್ತಾ? ಇಲ್ಲ, ಬೆಳಗ್ಗೆಯಿಂದ ಶುರು. ಹಾಲು? ಚಹಾಕ್ಕೆ ಮಾತ್ರ. ಹೊರಗಡೆ ಊಟ? ಇಲ್ಲ. ನೀರು? ಕುದಿಸಿ ಆರಿಸಿದ್ದು. ಯಾವಾಗಿಂದ? ಕೆಲಸಕ್ಕೆ ಸೇರಿದಾಗಿನಿಂದ, ಹತ್ತೊಂಬತ್ತು ವರ್ಷ. ಮನೇಲಿ ಬೇರೆ ಯಾರಿಗಾದ್ರೂ ಇದೆಯಾ? ಇಲ್ಲ. ಬೇರೆ ಕಾಯಿಲೆ? ಶುಗರ್, ಎರಡು ವರ್ಷದಿಂದ.

"ಎರಡು ದಿನ ಆದ್ರೆ ಏನೋ ತಿಂದದ್ದು ಅನ್ನಬಹುದು," ಎಂದಳು. "ಎರಡು ವಾರ ದಾಟಿದ್ರೆ ಹಿಂದೆ ಏನೋ ಇದ್ದೇ ಇರುತ್ತೆ. ಕ್ರಿಮಿ ಇರಬಹುದು, ಕರುಳಿನ ಊತ ಇರಬಹುದು, ಥೈರಾಯ್ಡ್ ಇರಬಹುದು, ತಗೊಳ್ತಿರೋ ಮಾತ್ರೆಯೇ ಇರಬಹುದು. ಒಂದೊಂದೇ ಬಾಗಿಲು ತಟ್ಟಿ ನೋಡ್ಬೇಕು. ಮೊದಲು ಮಲಪರೀಕ್ಷೆ. ಇಗೋ ಬಾಟ್ಲಿ, ಪಕ್ಕದ ಲ್ಯಾಬಿಗೆ ಕೊಡಿ. ಎರಡು ಗಂಟೆಗೆ ಹೇಳ್ತಾರೆ."

ಜೀವಮಾನವಿಡೀ ಬಾಟಲಿ ತುಂಬಿದವನಿಗೆ ಇದೊಂದು ಬಾಟಲಿ ಭಾರವೇ ಎಂದು ನೀವು ಕೇಳಬಹುದು. ಭಾರವಾಯಿತು. ಇಪ್ಪತ್ಮೂರು ದಿನ ಬೇಡಬೇಡವೆಂದರೂ ಬಂದದ್ದು, ಬೇಕೆಂದು ಕೂತರೆ ಬರಲಿಲ್ಲ. ಹೊಟ್ಟೆ ಸಾಹೇಬರ ಮಾತು ಕೇಳಿಸಿಕೊಂಡು ಗಪ್‌ಚುಪ್ಪಾಗಿ ಶಿಸ್ತಿಗೆ ಬಂದಿತ್ತು. ಲ್ಯಾಬಿನ ಕಕ್ಕಸಿನಲ್ಲಿ ಕಾಲು ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಹೊರಗೆ ಸಾಲು ಬೆಳೆಯಿತು.

"ಒಳಗೆ ಮನೆ ಮಾಡ್ಕೊಂಡ್ರೋ ಹೇಗೆ?" ಎಂದು ಒಬ್ಬ ಬಾಗಿಲು ಬಡಿದ.

"ಪಾಪ, ಮಲಬದ್ಧತೆ ಅನ್ಸುತ್ತೆ," ಎಂದಳು ಇನ್ನೊಬ್ಬಳು ಕರುಣೆಯಿಂದ.

ಆ ಮಾತು ಕೇಳಿ ಬಾಟ್ಲಿರಾಯನಿಗೆ ಅಳು ಬಂತು. ಹೊರಗೆ ಬಂದು ಗೂಡಂಗಡಿಯಲ್ಲಿ ಒಂದರ ಮೇಲೊಂದು ಮೂರು ಲೋಟ ಕಡು ಕಾಫಿ ಕುಡಿದ. ಮೂರನೆಯದು ಗಂಟಲಿಳಿಯುವ ಮೊದಲೇ ಓಡಬೇಕಾಯಿತು. ಸಾಲಿನಲ್ಲಿ ನಿಂತವರು ಅವನ ಮುಖ ನೋಡಿ ತಾವಾಗಿಯೇ ದಾರಿ ಬಿಟ್ಟರು.

ಬಾಟಲಿಯನ್ನು ತನ್ನ ಚೀಲದಲ್ಲಿಟ್ಟುಕೊಳ್ಳಲು ಮಾತ್ರ ಅವನು ಒಪ್ಪಲಿಲ್ಲ. ಕಚೇರಿಯ ಬಾಟಲಿಗಳ ಜೊತೆ ಇದೊಂದು ಅದಲುಬದಲಾಗಿ, ನಾಳೆ ಟ್ಯಾಂಕಿನ ನೀರೆಂದು ಇಲಾಖೆಯ ದೊಡ್ಡ ಲ್ಯಾಬಿಗೆ ಹೋದರೆ ಏನು ಗತಿ ಎಂದು ನೆನೆದೇ ಬೆವರಿದ್ದ. ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು, ಎಲ್ಲರ ಕಣ್ಣೆದುರೇ ನಡೆದು ಹೋಗಿ ಒಪ್ಪಿಸಿದ. ಅದರಲ್ಲೇನೂ ಎಡವಟ್ಟಾಗಲಿಲ್ಲ.

ಎರಡು ಗಂಟೆಗೆ ಡಾಕ್ಟರಮ್ಮ ಲ್ಯಾಬಿನ ಚೀಟಿ ಓದಿದಳು. "ಕ್ರಿಮಿ ಇಲ್ಲ, ರಕ್ತ ಇಲ್ಲ, ಏನೂ ಇಲ್ಲ. ಎಲ್ಲಿ, ನೀವು ತಗೊಳ್ಳೋ ಮಾತ್ರೆ ತೋರಿಸಿ."

ಅವನು ಜೇಬಿನಿಂದ ಶುಗರ್ ಮಾತ್ರೆಯ ಪಟ್ಟಿ ತೆಗೆದುಕೊಟ್ಟ. ಅವಳು ಬೆಳಕಿಗೆ ಹಿಡಿದು ನೋಡಿದಳು.

"ಇದು ಯಾವಾಗಿಂದ?"

"ಮಾತ್ರೆ ಹಳೇದೇ. ಶುಗರ್ ಇಳೀತಿಲ್ಲ ಅಂತ ಹೋದ ತಿಂಗಳು ಎರಡರಷ್ಟು ಮಾಡಿದ್ರು."

"ಎಷ್ಟು ದಿನ ಆಯ್ತು?"

ಅವನು ಬೆರಳೆಣಿಸಿದ. "ಇಪ್ಪತ್ತೈದು."

ಡಾಕ್ಟರಮ್ಮ ಪಟ್ಟಿಯನ್ನು ಮೇಜಿನ ಮೇಲಿಟ್ಟು ಬೆರಳಿಂದ ಅವನ ಕಡೆ ತಳ್ಳಿದಳು. "ಇಗೋ ನಿಮ್ಮ ಕಳ್ಳ. ಈ ಮಾತ್ರೆ ಜಾಸ್ತಿಯಾದ್ರೆ ಕೆಲವರಿಗೆ ಹೀಗಾಗುತ್ತೆ. ಬದಲಾಯಿಸಿ ಕೊಡ್ತೀನಿ, ಮೂರ್ನಾಲ್ಕು ದಿನಕ್ಕೆ ನಿಲ್ಲುತ್ತೆ."

ಬಾಟ್ಲಿರಾಯ ಎದ್ದೇಳಲಿಲ್ಲ. ತೊಡೆಯ ಮೇಲಿನ ಚೀಲವನ್ನು ಅಮುಕಿ ಹಿಡಿದು ಕೂತ. "ಹಾಗಾದ್ರೆ ಅದಲ್ವಾ ಡಾಕ್ಟರೇ?"

"ಯಾವುದು?"

"ನಮ್ಮಪ್ಪನಿಗೆ ಬಂದಿದ್ದು."

ಅವಳು ಪೆನ್ನು ಕೆಳಗಿಟ್ಟಳು. ಅವನ ಬೆಲ್ಟಿನ ಹೊಸ ತೂತುಗಳನ್ನು ನೋಡಿದಳು. ದನಿ ಸ್ವಲ್ಪ ಮೆತ್ತಗಾಯಿತು. "ಅಲ್ಲ ಅನ್ಸುತ್ತೆ. ನಿಲ್ಲದಿದ್ರೆ ಬನ್ನಿ, ಮುಂದಿನ ಪರೀಕ್ಷೆ ಮಾಡೋಣ. ಆದ್ರೆ ನಿಲ್ಲುತ್ತೆ. ಇಷ್ಟು ದಿನ ಇದನ್ನ ಒಬ್ರೇ ಹೊತ್ಕೊಂಡು ತಿರುಗ್ತಿದ್ರಾ?"

ಅವನು ಬೆಲ್ಟನ್ನು ಅಂಗಿಯಿಂದ ಮುಚ್ಚಿಕೊಂಡ. ನೀರು ಕಾರಣವಲ್ಲ ಎಂದು ಒಂದು ಕಾಗದ ಬೇಕಿತ್ತು ಎಂದಷ್ಟೇ ಹೇಳಿದ. ಅವಳು ಒಂದು ಹಾಳೆಯ ಎರಡೂ ಬದಿಗೆ ಬರೆದು, ಮಡಿಚಿ, ಲಕೋಟೆಗೆ ಹಾಕಿ ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು ಬಾಟ್ಲಿರಾಯ ಹತ್ತು ನಿಮಿಷ ಸುಮ್ಮನೆ ಅತ್ತ. ಅಷ್ಟು ಹಗುರವಾಗಿ ಅವನು ಅತ್ತು ಬಹಳ ವರ್ಷವಾಗಿತ್ತು. ಕಾಗದ ಓದಬೇಕೆಂದು ಹೊಳೆಯಲೇ ಇಲ್ಲ. ಹೊಳೆದಿದ್ದರೂ ಡಾಕ್ಟರುಗಳ ಅಕ್ಷರ ಯಾರಿಗೆ ತಿಳಿಯುತ್ತದೆ ಎಂದು ಬಿಡುತ್ತಿದ್ದನೇನೋ. ಆದರೆ ಈ ಡಾಕ್ಟರಮ್ಮನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಅದೇ ಅವನ ಗ್ರಹಚಾರ.

ಪಂಪ್‌ಹೌಸಿನ ಮುಂದೆ ಐವತ್ತು ಜನ ಸೇರಿದ್ದರು. ಒಂದು ಮೇಜು, ಮೂರು ಕುರ್ಚಿ. ಸಾಹೇಬರು ಕೂತ ಕುರ್ಚಿಯ ಕೆಳಗೆ ಅಂಗಡಿಯಿಂದ ಕೊಂಡುತಂದ, ಸೀಲು ಹಾಕಿದ ನೀರಿನ ಬಾಟಲಿ. ಬಾಟ್ಲಿರಾಯ ಓಡುತ್ತಾ ಬಂದು ಲಕೋಟೆಯನ್ನು ಅವರ ಕೈಗಿತ್ತು, "ನೀರಲ್ಲ ಸಾರ್, ಮಾತ್ರೆ," ಎಂದು ಕಿವಿಯಲ್ಲಿ ಹೇಳಿದ. ಸಾಹೇಬರ ಮುಖದಲ್ಲಿ ದೀಪ ಹತ್ತಿತು.

"ನಾನೇ ಓದಿದ್ರೆ ನಾನೇ ಬರೆದದ್ದು ಅಂತೀರಿ," ಎಂದರು ಸಭೆಯನ್ನು ನೋಡಿ. "ನಿಮ್ಮ ಕಾರ್ಯದರ್ಶಿಗಳೇ ಓದಲಿ. ಗಟ್ಟಿಯಾಗಿ ಓದಲಿ."

ಪೋಸ್ಟ್‌ಮಾಸ್ಟರರು ಎದ್ದು ಕನ್ನಡಕ ಏರಿಸಿದರು. ಓದು ಬಾರದವರಿಗೆ ಅವರವರ ಕಾಗದ ಓದಿಹೇಳಿ ಪಳಗಿದ ಗಂಟಲು, ಮೈಕಿಲ್ಲದೆಯೂ ಕೊನೆಯ ಸಾಲಿಗೆ ಮುಟ್ಟಿತು.

"ಇವರಿಗೆ ಇಪ್ಪತ್ಮೂರು ದಿನಗಳಿಂದ ಇರುವ ಭೇದಿಗೆ ಕುಡಿಯುವ ನೀರು ಕಾರಣವಲ್ಲ."

ಸಾಹೇಬರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಟೈಪಿಸ್ಟ್ ಅಕ್ಕ ಜೊತೆಗೂಡಿದಳು.

"ಮಲಪರೀಕ್ಷೆಯಲ್ಲಿ ಯಾವ ಕ್ರಿಮಿಯೂ ಕಂಡುಬಂದಿಲ್ಲ. ಶುಗರ್ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರಿಂದ ಹೀಗಾಗಿದೆ." ಪೋಸ್ಟ್‌ಮಾಸ್ಟರರು ಪುಟ ತಿರುಗಿಸಿದರು. ಅವರ ದನಿ ನಿಧಾನವಾಯಿತು. "ನಲ್ಲಿಯ ನೀರಿನಿಂದ ಬಂದಿರಬಹುದೆಂಬ ಸಂಶಯಕ್ಕೆ ಆಸ್ಪದವೇ ಇಲ್ಲ. ಏಕೆಂದರೆ ಇವರು ಕೆಲಸಕ್ಕೆ ಸೇರಿದಾಗಿನಿಂದ, ಅಂದರೆ ಹತ್ತೊಂಬತ್ತು ವರ್ಷಗಳಿಂದ, ನಲ್ಲಿಯ ನೀರನ್ನು ಕುದಿಸದೆ ಒಂದು ಗುಟುಕೂ ಕುಡಿದಿಲ್ಲ."

ಒಳಗೆ ಪಂಪು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಸಾಹೇಬರು ಕುರ್ಚಿಯ ಕೆಳಗಿನ ಬಾಟಲಿಯನ್ನು ಕಾಲಿನಿಂದ ಇನ್ನಷ್ಟು ಹಿಂದಕ್ಕೆ ತಳ್ಳಿದರು.

"ರಾಯರೇ," ಎಂದರು ಪೋಸ್ಟ್‌ಮಾಸ್ಟರರು, "ದಿನಾ ಕುಡಿಯಲು ಯೋಗ್ಯ ಅಂತ ಸಹಿ ಹಾಕೋರು ನೀವೇ ತಾನೆ?"

"ಹೌದು ಸಾರ್." ಬಾಟ್ಲಿರಾಯ ಮೇಜಿನ ಮುಂದೆ ಬಂದ. ಆಗ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. "ಆದ್ರೆ ನಾನು ಸಹಿ ಹಾಕೋದು ಟ್ಯಾಂಕಿನ ನೀರಿಗೆ. ಅದು ಶುದ್ಧವೇ. ಅಲ್ಲಿಂದ ಮನೆಗೆ ಬರೋ ಪೈಪಿದೆಯಲ್ಲ, ಅದು ನಮ್ಮಜ್ಜನ ಕಾಲದ್ದು, ಚರಂಡಿ ಪಕ್ಕದಲ್ಲೇ ಬರುತ್ತೆ. ಅದಕ್ಕೆ ನನ್ನ ಸಹಿ ಇಲ್ಲ."

ಸಾಹೇಬರು ಕಣ್ಣು ಮುಚ್ಚಿಕೊಂಡರು.

"ಅದಕ್ಕೇ ಮತ್ತೆ ನಮ್ಮ ಮನೇಲಿ ಹತ್ತು ದಿನದಿಂದ," ಎಂದು ಇಸ್ತ್ರಿ ಅಂಗಡಿಯವನು ಎದ್ದ. "ನಮ್ಮಲ್ಲಿ ಮಾವನಿಗೆ, ನನಗೆ, ಇಬ್ರಿಗೂ," ಎಂದಳು ದರ್ಜಿಯ ಹೆಂಡತಿ. ಮಾನಕ್ಕೆ ಹೆದರಿ ಮನೆಯೊಳಗೆ ಮುಚ್ಚಿಟ್ಟುಕೊಂಡದ್ದನ್ನೆಲ್ಲ ಜನ ಒಬ್ಬೊಬ್ಬರಾಗಿ ಎದ್ದು ಹೇಳತೊಡಗಿದರು. ಕಡೆಗೆ ಪೋಸ್ಟ್‌ಮಾಸ್ಟರರೂ ಕನ್ನಡಕ ತೆಗೆದು, "ನನಗೂ ಒಂದು ವಾರದಿಂದ ಅಷ್ಟಕ್ಕಷ್ಟೆ," ಎಂದು ಒಪ್ಪಿಕೊಂಡರು. ಆ ಬೀದಿಯಲ್ಲಿ ನೀರಿನಿಂದ ಹೊಟ್ಟೆ ಕೆಡದ ಭೇದಿಯವನು ಬಾಟ್ಲಿರಾಯ ಒಬ್ಬನೇ.

ಪೈಪು ಬದಲಾಯಿಸಬೇಕು ಎಂದು ಗಲಾಟೆಯಾಯಿತು. ಪೈಪಿಗೆ ಮೇಲಿನಿಂದ ಮಂಜೂರಾತಿ ಬರಬೇಕು, ಒಂದು ವರ್ಷವಾದರೂ ಹಿಡಿಯುತ್ತದೆ ಎಂದರು ಸಾಹೇಬರು. ಅಲ್ಲಿಯವರೆಗೆ ಇಲಾಖೆಯನ್ನು ನಂಬುವುದು ಹೇಗೆ ಎಂದು ಜನ ಕೇಳಿದರು. ಆಗ ಪೋಸ್ಟ್‌ಮಾಸ್ಟರರು ಒಂದು ಸಲಹೆ ಕೊಟ್ಟರು. ನೀರು ಪರೀಕ್ಷೆ ಮಾಡುವವರು ದಿನಾ ಬೆಳಗ್ಗೆ ಒಂಬತ್ತಕ್ಕೆ ಬೀದಿಯ ನಲ್ಲಿಯಿಂದ ಒಂದು ದೊಡ್ಡ ಲೋಟ ನೀರು ಕುದಿಸದೆ, ಸಂಘದ ಎದುರಿಗೆ ಕುಡಿಯಬೇಕು, ಕುಡಿದು ಸಹಿ ಹಾಕಬೇಕು. ಇದಕ್ಕೆ ಮಂಜೂರಾತಿ ಬೇಕಿರಲಿಲ್ಲ. ಸಾಹೇಬರು ಎದ್ದು ನಿಂತೇ ಒಪ್ಪಿಗೆ ಕೊಟ್ಟರು. ಹೊರಡುವಾಗ ಬಾಟ್ಲಿರಾಯನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು: "ಇನ್ಮೇಲೆ ನೀರು ಅನ್ನೋ ಮಾತು ಯಾವ ಕಾಗದದಲ್ಲೂ ಬರಕೂಡದು. ತಿಳೀತಲ್ಲ?"

ಮಾತ್ರೆ ಬದಲಾದ ಮೂರನೇ ದಿನಕ್ಕೆ ಭೇದಿ ನಿಂತಿತು. ನಾಲ್ಕನೇ ದಿನ ಅವನು ಎರಡು ಹೊತ್ತು ಊಟ ಮಾಡಿದ. ಹೆಂಡತಿ ಮುಖ ನೋಡಿ, "ಈಗ ಮನುಷ್ಯನ ಹಾಗೆ ಕಾಣ್ತೀರಿ," ಎಂದಳು. ಇತ್ತ ಸಭೆ ಮುಗಿದ ದಿನದಿಂದಲೇ ಇಡೀ ಬೀದಿ ಅವನನ್ನು ನೋಡಿ ಬುದ್ಧಿ ಕಲಿತು ನೀರು ಕುದಿಸಿ ಕುಡಿಯಲು ಶುರುಮಾಡಿತ್ತು. ವಾರದೊಳಗೆ ದರ್ಜಿಯ ಮನೆ, ಇಸ್ತ್ರಿ ಅಂಗಡಿ, ಪೋಸ್ಟ್‌ಮಾಸ್ಟರರು ಎಲ್ಲರ ಹೊಟ್ಟೆಯೂ ನೆಟ್ಟಗಾಯಿತು. ಕುದಿಸದ ನೀರು ಕುಡಿಯುವವನು ಬೀದಿಯಲ್ಲಿ ಒಬ್ಬನೇ ಉಳಿದ.

ಹತ್ತನೇ ದಿನ ಬೆಳಗ್ಗೆ ಎಂಟೂವರೆಗೆ ಅವನು ಮತ್ತೆ ಡಾಕ್ಟರಮ್ಮನ ಮುಂದೆ ಕೂತಿದ್ದ. ಈ ಸಲ ಜ್ವರವೂ ಇತ್ತು.

"ನಿಂತಿದ್ದು ಮತ್ತೆ ಶುರುವಾಯ್ತಾ?" ಅವಳಿಗೆ ಆಶ್ಚರ್ಯವಾಯಿತು. "ಊಟದಲ್ಲಿ ಏನಾದ್ರೂ ಬದಲಾವಣೆ?"

"ಇಲ್ಲ."

"ನೀರು?"

ಬಾಟ್ಲಿರಾಯ ಅವಳ ಕೈಯಲ್ಲಿದ್ದ ಪೆನ್ನನ್ನು ನೋಡಿದ. ಅದರ ಮುಚ್ಚಳ ತೆರೆದಿತ್ತು.

"ಕುದಿಸಿ ಆರಿಸಿದ್ದು," ಎಂದ.

"ಹಾಗಾದ್ರೆ ನೀರಲ್ಲ." ಅವಳು ಚೀಟಿಯ ಮೇಲೆ ಅಡ್ಡಗೆರೆ ಎಳೆದಳು. "ಈ ಮಾತ್ರೆಯೂ ನಿಮಗೆ ಆಗ್ತಿಲ್ಲ ಅಂತ ಕಾಣುತ್ತೆ. ಇದನ್ನೂ ನಿಲ್ಲಿಸಿ. ಇಗೋ, ಇನ್ನೊಂದ್ಸಲ ಲ್ಯಾಬಿಗೆ ಕೊಡಿ."

ಆಗಲಿ ಎಂದು ಅವನು ಬಾಟಲಿ ತೆಗೆದುಕೊಂಡ. ತುಂಬಿಸಿ ಕೊಟ್ಟರೆ ಈ ಸಲ ಕ್ರಿಮಿ ಸಿಕ್ಕೇ ಸಿಗುತ್ತದೆ, ಹಾಗಾಗಿ ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊರಗೆ ಬಂದು ಗಡಿಯಾರ ನೋಡಿದ. ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಪೋಸ್ಟ್‌ಮಾಸ್ಟರರು ನಲ್ಲಿಯ ಹತ್ತಿರ ಲೋಟ ತುಂಬಿಸಿಟ್ಟು ಕಾಯುತ್ತಿರುತ್ತಾರೆ. ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವನು ಬೇಗ ಬೇಗ ಹೆಜ್ಜೆ ಹಾಕಿದ.